ಕಂಪನಿಯ ಕೈ ಪಳಗುವುದು ಹೇಗೆ

ಅಮೆರಿಕದ ಅಣ್ವಸ್ತ್ರ ಸಂಗ್ರಹದಲ್ಲಿ ಡಬ್ಲ್ಯೂ-76 ಎಂಬ ಸಿಡಿತಲೆಯಿದೆ. ಜಲಾಂತರ್ಗಾಮಿಗಳಿಂದ ಹಾರುವ ಟ್ರೈಡೆಂಟ್ ಕ್ಷಿಪಣಿಯ ಮೂತಿಯಲ್ಲಿ ಅದು ಕೂರುತ್ತದೆ. ಅದರೊಳಗೆ ಬಳಸುವ ವಸ್ತುವೊಂದರ ಗುಪ್ತನಾಮ ‘ಫಾಗ್‌ಬ್ಯಾಂಕ್’. ಅದು ನಿಜವಾಗಿ ಏನು ಎಂಬುದು ಇಂದಿಗೂ ರಹಸ್ಯ. 1975ರಿಂದ 1989ರವರೆಗೆ ಟೆನೆಸಿಯ ಓಕ್ ರಿಡ್ಜ್‌ನ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿದರು. ಬೇಕಾದಷ್ಟು ಸಿದ್ಧವಾಯಿತು, ಘಟಕಕ್ಕೆ ಬೀಗ ಬಿತ್ತು. 2000ದಲ್ಲಿ ಹಳೆಯ ಸಿಡಿತಲೆಗಳನ್ನು ನವೀಕರಿಸಿ ಅವುಗಳ ಆಯುಷ್ಯ ಹೆಚ್ಚಿಸುವ ತೀರ್ಮಾನವಾದಾಗ ಫಾಗ್‌ಬ್ಯಾಂಕ್ ಮತ್ತೆ ಬೇಕಾಯಿತು. ನೋಡಿದರೆ, ಅದನ್ನು ಮಾಡಬಲ್ಲವರೇ ಉಳಿದಿರಲಿಲ್ಲ. ಕೈಯಾರೆ ಮಾಡಿದ್ದವರಲ್ಲಿ ಬಹುತೇಕರು ನಿವೃತ್ತರಾಗಿದ್ದರು. ಬರೆದಿಟ್ಟ ದಾಖಲೆಗಳೂ ಸಾಲದಾಗಿದ್ದವು.

ಹೊಸ ಘಟಕ ಕಟ್ಟಿದರು. ಸಿಕ್ಕ ಕಾಗದಪತ್ರಗಳನ್ನೆಲ್ಲ ಕಲೆಹಾಕಿ ಹಳೆಯ ವಿಧಾನವನ್ನು ಹಂತ ಹಂತವಾಗಿ ಅನುಸರಿಸಿದರು. ಆದರೂ ಕೈಗೆ ಬಂದ ವಸ್ತು ಸರಿಯಾಗಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ ಕಾರಣ ವಿಚಿತ್ರವಾಗಿತ್ತು. ಹಿಂದಿನ ದಿನಗಳಲ್ಲಿ ಒಂದು ಕಚ್ಚಾವಸ್ತುವಿನಲ್ಲಿ ಸ್ವಲ್ಪ ಕಲ್ಮಶ ಇರುತ್ತಿತ್ತು. ಹೊಸ ಶುದ್ಧೀಕರಣ ವಿಧಾನ ಅದನ್ನು ಚೊಕ್ಕವಾಗಿ ತೆಗೆದುಹಾಕುತ್ತಿತ್ತು. ಆ ಕಲ್ಮಶ ಇದ್ದರೆ ಮಾತ್ರ ವಸ್ತು ಸರಿಯಾಗಿ ವರ್ತಿಸುತ್ತಿತ್ತು! ಹಳೆಯ ಕೆಲಸಗಾರರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆಯೇ ಹದಿನಾಲ್ಕು ವರ್ಷ ಸರಿಯಾಗಿ ಮಾಡಿದ್ದರು. ಈ ತೊಡಕಿನಿಂದ ಆದ ಹೆಚ್ಚುವರಿ ಖರ್ಚು 6.9 ಕೋಟಿ ಡಾಲರ್, ವಿಳಂಬ ಕನಿಷ್ಠ ಒಂದು ವರ್ಷ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು 2009ರಲ್ಲಿ ವರದಿ ಕೊಟ್ಟರು.

ಫಾಗ್‌ಬ್ಯಾಂಕ್ ಮಾಡುವ ಸಾಮರ್ಥ್ಯ ಇಷ್ಟು ವರ್ಷ ಎಲ್ಲಿತ್ತು? ವಿಜ್ಞಾನಿಗಳ ತಲೆಯಲ್ಲಿತ್ತು ಎನ್ನುವಂತಿಲ್ಲ, ಏಕೆಂದರೆ ಅಸಲಿ ಗುಟ್ಟು ಅವರಿಗೇ ತಿಳಿದಿರಲಿಲ್ಲ. ಕಡತದಲ್ಲಿ ಇದ್ದಿದ್ದರೆ ಕಡತ ಓದಿದವರು ಮಾಡಿಬಿಡುತ್ತಿದ್ದರು. ಆ ಸರಬರಾಜುದಾರರ ಕಚ್ಚಾವಸ್ತು, ಆ ಪಾತ್ರೆಗಳು, ಆ ಕ್ರಮ, ಆ ಕೈಗಳು ಒಟ್ಟುಗೂಡಿ ದಿನವೂ ನಡೆಯುತ್ತಿದ್ದ ಕೆಲಸದಲ್ಲಿ ಅದು ಇತ್ತು. ಕೆಲಸ ನಿಂತಿತು, ಅದೂ ಹೋಯಿತು. ಸಂಸ್ಥೆಯ ಕಲಿಕೆಗೂ ಸಂಸ್ಥೆಯ ಸಾಮರ್ಥ್ಯಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಎರಡೂ ಪದಗಳು ವಾರ್ಷಿಕ ವರದಿಗಳಲ್ಲಿ, ಆಡಳಿತಾಧಿಕಾರಿಗಳ ಭಾಷಣಗಳಲ್ಲಿ ಸವೆದು ಹೋಗಿವೆ. ಸ್ವಲ್ಪ ತಿಕ್ಕಿ ತೊಳೆದು ನೋಡೋಣ.

ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರೊಬ್ಬರು ಇದ್ದಾರೆ ಎಂದುಕೊಳ್ಳಿ. ಒಬ್ಬ ಸರಬರಾಜುದಾರನ ಬಿಲ್ಲಿನಲ್ಲಿ ಪ್ರತಿ ತಿಂಗಳೂ ತೆರಿಗೆಯ ಮೊತ್ತ ತಪ್ಪು ಸಾಲಿನಲ್ಲಿ ಬಂದಿರುತ್ತದೆ. ಎರಡು ಸಲ ಏಮಾರಿದ ಮೇಲೆ ಅವರು ಕಲಿತಿದ್ದಾರೆ: ಆ ಬಿಲ್ಲು ಬಂದೊಡನೆ ಪೆನ್ನು ತೆಗೆದು ಸರಿಪಡಿಸುತ್ತಾರೆ. ಅವರಿಗೆ ಅನುಭವ ಬಂತು ನಿಜ, ಆದರೆ ಕಚೇರಿ ಏನನ್ನೂ ಕಲಿತಿಲ್ಲ. ಅವರು ರಜೆ ಹಾಕಿದ ತಿಂಗಳು ತಪ್ಪು ಮೊತ್ತ ಪಾವತಿಯಾಗುತ್ತದೆ. ಒಂದು ದಿನ ಅವರು ಈ ಮಾತನ್ನು ಸಭೆಯಲ್ಲಿ ಹೇಳಿ, ಬಿಲ್ಲು ದಾಖಲಿಸುವ ನಮೂನೆಯಲ್ಲೇ ಒಂದು ಪರಿಶೀಲನೆ ಸೇರಿ, ಸರಬರಾಜುದಾರನಿಗೂ ಪತ್ರ ಹೋದರೆ, ಆಗ ಕಚೇರಿ ಕಲಿತಂತೆ. ಮುಂದೆ ಆ ಕುರ್ಚಿಗೆ ಬರುವ ಹೊಸಬರಿಗೆ ಆ ಹಳೆಯ ಕಥೆ ಗೊತ್ತಿರಬೇಕಾಗಿಲ್ಲ. ಅವರು ಕೆಲಸ ಮಾಡುವ ರೀತಿಯಲ್ಲೇ ಕಥೆ ಅಡಗಿರುತ್ತದೆ.

ಸಾಮರ್ಥ್ಯ ಎಂದರೆ ಹೀಗೆ ಅಡಗಿ ಕುಳಿತ ಸಾವಿರಾರು ಕಲಿಕೆಗಳ ಒಟ್ಟು ಮೊತ್ತ. ಒಂದು ಕೆಲಸವನ್ನು ಯಾವ ಪಾಳಿಯಲ್ಲಿ ಯಾರಿದ್ದರೂ ಮತ್ತೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಮಾಡಿ ಮುಗಿಸಬಲ್ಲ ಶಕ್ತಿ ಅದು. ಒಬ್ಬ ಪ್ರತಿಭಾವಂತ ರಾತ್ರಿ ಹಗಲು ಕೂತು ಗ್ರಾಹಕನನ್ನು ಉಳಿಸಿಕೊಟ್ಟರೆ ಅವನಿಗೆ ಬಹುಮಾನ ಕೊಡಿ. ಆದರೆ ಅದನ್ನು ಕಂಪನಿಯ ಸಾಮರ್ಥ್ಯದ ಪಟ್ಟಿಗೆ ಸೇರಿಸಬೇಡಿ. ಅವನು ರಾಜೀನಾಮೆ ಕೊಟ್ಟ ದಿನ ಅದೂ ಹೊರಗೆ ನಡೆಯುತ್ತದೆ.

ಅರ್ಥಶಾಸ್ತ್ರಜ್ಞರಾದ ರಿಚರ್ಡ್ ನೆಲ್ಸನ್ ಮತ್ತು ಸಿಡ್ನಿ ವಿಂಟರ್ 1982ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಸಂಸ್ಥೆಯ ನೆನಪು ಇರುವುದು ಅದರ ರೂಢಿಗಳಲ್ಲಿ ಎಂದರು. ಆರ್ಡರು ಬಂದರೆ ಯಾರು ಯಾರಿಗೆ ಹೇಳುತ್ತಾರೆ, ಯಂತ್ರ ಕೆಟ್ಟರೆ ಮೊದಲು ಏನನ್ನು ಬಿಚ್ಚಿ ನೋಡುತ್ತಾರೆ, ಬೆಲೆ ಕೇಳಿದವರಿಗೆ ಎಷ್ಟು ಹೊತ್ತಿನಲ್ಲಿ ಉತ್ತರ ಹೋಗುತ್ತದೆ ಎಂಬಂಥ, ಯಾರೂ ಯೋಚಿಸದೆ ಮಾಡುವ ವಾಡಿಕೆಗಳವು. ಮನುಷ್ಯ ಸೈಕಲ್ ಸವಾರಿಯನ್ನು ನೆನಪಿಡುವುದು ಸೈಕಲ್ ತುಳಿಯುವುದರಲ್ಲಿ. ಸಂಸ್ಥೆಯೂ ಹಾಗೆಯೇ, ಮಾಡುತ್ತಿದ್ದರೆ ಮಾತ್ರ ನೆನಪಿರುತ್ತದೆ.

ಹಾಡುತ್ತಾ ಹಾಡುತ್ತಾ ರಾಗ

ಮಾಡುತ್ತಾ ಕಲಿಯುವುದನ್ನು ಅಂಕಿಯಲ್ಲಿ ಹಿಡಿದ ಮೊದಲಿಗರಲ್ಲಿ ಒಬ್ಬರು ವಿಮಾನ ಎಂಜಿನಿಯರ್ ಟಿ.ಪಿ. ರೈಟ್. ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾಗುವ ದುಡಿಮೆ ಸುಮಾರು ಶೇ 20ರಷ್ಟು ಇಳಿಯುತ್ತದೆ ಎಂದು ಅವರು 1936ರಲ್ಲಿ ತೋರಿಸಿದರು. ಮೊದಲನೆಯದಕ್ಕೆ 1,000 ಗಂಟೆ ಹಿಡಿದರೆ ಎರಡನೆಯದಕ್ಕೆ 800, ನಾಲ್ಕನೆಯದಕ್ಕೆ 640, ಎಂಟನೆಯದಕ್ಕೆ 512. ಮುಂದೆ ಬೇರೆ ಬೇರೆ ಉದ್ಯಮಗಳಲ್ಲಿ ಇಂಥದೇ ಇಳಿಜಾರು ಕಾಣಿಸಿತು. ಕಡಿದಾದದ್ದು ಕೆಲವೆಡೆ, ಇಳಿದೂ ಇಳಿಯದಂಥದ್ದು ಕೆಲವೆಡೆ.

ಇದರ ಜಗತ್ಪ್ರಸಿದ್ಧ ಪ್ರದರ್ಶನ ನಡೆದದ್ದು ಎರಡನೇ ಮಹಾಯುದ್ಧದ ಹಡಗುಕಟ್ಟೆಗಳಲ್ಲಿ. ಅಮೆರಿಕ ಒಂದೇ ನಕ್ಷೆಯ ‘ಲಿಬರ್ಟಿ’ ಸರಕು ಹಡಗುಗಳನ್ನು 2,700ಕ್ಕೂ ಹೆಚ್ಚು ಕಟ್ಟಿತು. ಕಟ್ಟಿದವರಲ್ಲಿ ಬಹಳಷ್ಟು ಮಂದಿ ಅಲ್ಲಿಯವರೆಗೆ ಹಡಗಿನ ಕೆಲಸ ಕಂಡವರೇ ಅಲ್ಲ. ಆರಂಭದಲ್ಲಿ ಒಂದು ಹಡಗಿಗೆ ಸುಮಾರು 230 ದಿನ ಹಿಡಿಯುತ್ತಿತ್ತು. ಕೊನೆಕೊನೆಗೆ ಸರಾಸರಿ 42 ದಿನಕ್ಕೆ ಇಳಿಯಿತು. 1942ರ ನವೆಂಬರಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಹಡಗನ್ನು ಐದು ದಿನವೂ ತುಂಬುವ ಮೊದಲೇ ನೀರಿಗಿಳಿಸಿದರು. ಅದು ಪ್ರಚಾರಕ್ಕಾಗಿ ಮುಂಚೆಯೇ ಬಿಡಿಭಾಗ ಸಿದ್ಧಪಡಿಸಿಕೊಂಡು ಮಾಡಿದ ಸಾಹಸವಾದ್ದರಿಂದ ಅದನ್ನು ಪಕ್ಕಕ್ಕಿಡಬಹುದು. ಸರಾಸರಿಯ ಇಳಿಕೆ ಮಾತ್ರ ನಿಜವಾದದ್ದು.

ಆದರೆ ಈ ಕಥೆಯನ್ನು ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ, ಅದು ನನಗೆ ಸರಿಬರುವುದಿಲ್ಲ. ಪೀಟರ್ ಥಾಂಪ್ಸನ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ಕೆದಕಿ, ಆ ಅವಧಿಯಲ್ಲಿ ಹಡಗುಕಟ್ಟೆಗಳಿಗೆ ಸುರಿದ ಯಂತ್ರೋಪಕರಣಗಳ ಬಂಡವಾಳವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಲಿಕೆಯ ಪಾಲು ಸಾಕಷ್ಟು ತಗ್ಗುತ್ತದೆ ಎಂದು ತೋರಿಸಿದರು. ಜೊತೆಗೆ ವೇಗ ಹೆಚ್ಚಿದಂತೆ ಗುಣಮಟ್ಟ ಕುಸಿದಿತ್ತು, ಹಲವು ಹಡಗುಗಳ ಒಡಲು ಬಿರುಕು ಬಿಟ್ಟಿತ್ತು. ಹೊಸ ಕ್ರೇನು ತಂದದ್ದಕ್ಕೂ ತಂಡ ಪಳಗಿದ್ದಕ್ಕೂ ಗೆರೆ ಎಳೆಯುವುದು ಕಷ್ಟ. ಉತ್ಪಾದಕತೆ ಏರಿದ ರೇಖೆಯೊಂದನ್ನು ತೋರಿಸಿ ‘ನೋಡಿ, ನಮ್ಮ ಸಂಸ್ಥೆ ಕಲಿಯುತ್ತಿದೆ’ ಎನ್ನುವವರನ್ನು ಕಂಡಾಗ ನನಗೆ ಲಿಬರ್ಟಿ ಹಡಗುಗಳು ನೆನಪಾಗುತ್ತವೆ.

ಅದೇ ಹಡಗುಕಟ್ಟೆಗಳ ದಾಖಲೆಗಳಿಂದ ಇನ್ನೂ ಒಂದು ಸಂಗತಿ ಹೊರಬಂತು. 1990ರಲ್ಲಿ ಲಿಂಡಾ ಆರ್ಗೋಟ್ ಮತ್ತು ಸಂಗಡಿಗರು, ಉತ್ಪಾದನೆಯಿಂದ ಗಳಿಸಿದ ಜ್ಞಾನ ಬಹುಬೇಗ ಸವೆಯುತ್ತದೆ ಎಂದು ಕಂಡುಕೊಂಡರು. ಈವರೆಗೆ ಎಷ್ಟು ಹಡಗು ಕಟ್ಟಿದ್ದೀರಿ ಎಂಬುದಕ್ಕಿಂತ ಇತ್ತೀಚೆಗೆ ಎಷ್ಟು ಕಟ್ಟಿದ್ದೀರಿ ಎಂಬುದೇ ಮುಖ್ಯವಾಗಿತ್ತು. ತಡವಾಗಿ ಆರಂಭವಾದ ಹಡಗುಕಟ್ಟೆಗಳು ಮೊದಲಿನವರ ಅನುಭವದ ಲಾಭ ಪಡೆದೇ ಕೆಲಸ ಶುರುಮಾಡಿದವು. ಆದರೆ ಒಮ್ಮೆ ಶುರುವಾದ ಮೇಲೆ ನೆರೆಯವರಿಂದ ಕಲಿತ ಸುಳಿವು ಕಾಣಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಕತ್ತೆತ್ತಿ ಪಕ್ಕದ ಮನೆ ನೋಡುವ ವ್ಯವಧಾನ ಯಾರಿಗಿರುತ್ತದೆ!

ಮರೆವಿನ ಇನ್ನೊಂದು ಉದಾಹರಣೆ ಲಾಕ್‌ಹೀಡ್ ಕಂಪನಿಯ ಎಲ್-1011 ಟ್ರೈಸ್ಟಾರ್ ಪ್ರಯಾಣಿಕ ವಿಮಾನ. 1970ರ ದಶಕದ ನಡುವೆ ಬೇಡಿಕೆ ಕುಸಿದು ತಯಾರಿಕೆ ತೀರಾ ಇಳಿಯಿತು, ಜನರನ್ನು ಮನೆಗೆ ಕಳುಹಿಸಿದರು. ಕೆಲವು ವರ್ಷಗಳ ನಂತರ ಬೇಡಿಕೆ ಮರಳಿ ತಯಾರಿಕೆ ಚುರುಕಾದಾಗ ಒಂದೊಂದು ವಿಮಾನಕ್ಕೂ ಹಿಂದಿಗಿಂತ ಹೆಚ್ಚು ದುಡಿಮೆ ಬೇಕಾಯಿತು. ಕಲಿಕೆಯ ಇಳಿಜಾರು ತಿರುಗಿ ಮೇಲಕ್ಕೆ ಹತ್ತಿತ್ತು. ಸುಮಾರು 250 ವಿಮಾನ ಕಟ್ಟಿ, ಅಪಾರ ನಷ್ಟ ಹೊತ್ತು, ಲಾಕ್‌ಹೀಡ್ ಪ್ರಯಾಣಿಕ ವಿಮಾನಗಳ ವ್ಯವಹಾರದಿಂದಲೇ ಹೊರನಡೆಯಿತು.

ಖರ್ಚು ಉಳಿಸಲು ಜನರನ್ನು ತೆಗೆಯುವಾಗ ಸಂಬಳದ ಉಳಿತಾಯ ಲೆಕ್ಕದ ಪುಸ್ತಕದಲ್ಲಿ ಅಂದೇ ಕಾಣುತ್ತದೆ. ಮರೆತುಹೋದ ಕೆಲಸಕ್ಕೆ ಯಾವ ಪುಸ್ತಕದಲ್ಲೂ ಅಂಕಣವಿಲ್ಲ. ಹೊರಗುತ್ತಿಗೆಯೂ ಹೀಗೆಯೇ. ಬೋಯಿಂಗ್ ತನ್ನ 787 ವಿಮಾನದ ದೊಡ್ಡ ದೊಡ್ಡ ಭಾಗಗಳ ವಿನ್ಯಾಸ ಮತ್ತು ತಯಾರಿಕೆಯನ್ನು ಹೊರಗಿನವರಿಗೆ ವಹಿಸಿ, ತಾನು ಜೋಡಿಸುವ ಕೆಲಸವನ್ನಷ್ಟೇ ಇಟ್ಟುಕೊಳ್ಳಲು ಹೊರಟಿತು. 2008ರಲ್ಲಿ ಗ್ರಾಹಕರ ಕೈಸೇರಬೇಕಿದ್ದ ಮೊದಲ ವಿಮಾನ ಸೇರಿದ್ದು 2011ರಲ್ಲಿ. ನಡುವೆ ಕೆಲವು ಭಾಗ ತಯಾರಿಸುತ್ತಿದ್ದ ಕಾರ್ಖಾನೆಯನ್ನು ಬೋಯಿಂಗೇ ಕೊಂಡುಕೊಳ್ಳಬೇಕಾಯಿತು. ಕೆಲಸ ಯಾರ ಕೈಯಲ್ಲಿದೆಯೋ ಕಲಿಕೆಯೂ ಅವರ ಕೈಯಲ್ಲೇ.

ಪುಸ್ತಕದ ಬದನೆಕಾಯಿ

ಹಾಗಾದರೆ ಎಲ್ಲವನ್ನೂ ಬರೆದಿಟ್ಟರಾಯಿತಲ್ಲ ಎನ್ನಬಹುದು. ನಾನು ಹಿಂದೆ ದುಡಿಯುತ್ತಿದ್ದ ಕಚೇರಿಯೊಂದರಲ್ಲಿ ಹಿರಿಯರೊಬ್ಬರು ನಿವೃತ್ತಿಗೆ ಮುನ್ನ ವಾರಗಟ್ಟಲೆ ಕೂತು ತಮ್ಮ ಕೆಲಸವನ್ನೆಲ್ಲ ಒಂದು ದಪ್ಪ ಕಡತದಲ್ಲಿ ಬರೆದಿಟ್ಟರು. ಅಚ್ಚುಕಟ್ಟಾದ ಕೈಬರಹ, ಪುಟಕ್ಕೊಂದು ಶೀರ್ಷಿಕೆ. ಅವರು ಹೋದ ತಿಂಗಳ ಕೊನೆಯಲ್ಲೇ ಲೆಕ್ಕ ತಾಳೆಯಾಗಲಿಲ್ಲ. ಮೂವರು ಕೂತು ಕಡತ ತಿರುವಿದೆವು, ಪ್ರಯೋಜನವಾಗಲಿಲ್ಲ. ಸಂಜೆ ಅವರಿಗೇ ಫೋನ್ ಮಾಡಿದಾಗ ಅವರು ನಕ್ಕರು: “ಆ ವರದಿಯನ್ನು ಎರಡು ಸಲ ತೆಗೆಯಬೇಕು. ಮೊದಲ ಸಲ ಯಾವಾಗಲೂ ಹಿಂದಿನ ದಿನದ್ದೇ ಬರುತ್ತದೆ. ಯಾಕೆ, ನಾನು ಅದನ್ನು ಬರೆದಿರಲಿಲ್ಲವೇ?” ಬರೆದಿರಲಿಲ್ಲ. ಅವರ ಮಟ್ಟಿಗೆ ಅದು ಬರೆಯುವಂಥ ವಿಷಯವೇ ಆಗಿರಲಿಲ್ಲ, ಕೈ ತಾನಾಗಿಯೇ ಎರಡು ಸಲ ಒತ್ತುತ್ತಿತ್ತು.

ನಮಗೆ ಹೇಳಲು ಬರುವುದಕ್ಕಿಂತ ತಿಳಿದಿರುವುದು ಹೆಚ್ಚು ಎಂದು ತತ್ತ್ವಜ್ಞಾನಿ ಮೈಕೇಲ್ ಪೊಲಾನಿ 1960ರ ದಶಕದಲ್ಲೇ ಹೇಳಿದ್ದರು. ಕೈಪಿಡಿಗಳ ಮಿತಿ ಇರುವುದೇ ಇಲ್ಲಿ. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ದುರಸ್ತಿಗಾರರ ಜೊತೆ ತಿರುಗಾಡಿ ಅವರು ಕೆಲಸ ಮಾಡುವ ಬಗೆಯನ್ನು ದಾಖಲಿಸಿದರು. ಕಂಪನಿಯ ಕೈಪಿಡಿಯಲ್ಲಿ ಪ್ರತಿ ದೋಷಕ್ಕೂ ಒಂದು ಸಂಕೇತ, ಪ್ರತಿ ಸಂಕೇತಕ್ಕೂ ಒಂದು ಪರಿಹಾರ ಇತ್ತು. ಯಂತ್ರಗಳು ಕೈಪಿಡಿ ಓದಿ ಕೆಡುವುದಿಲ್ಲವಲ್ಲ! ತೋರಿಸುವ ಸಂಕೇತ ಒಂದು, ಒಳಗಿನ ರೋಗ ಇನ್ನೊಂದು. ಅಂಥ ಒಂದು ಯಂತ್ರದ ಮುಂದೆ ದುರಸ್ತಿಗಾರ ಮತ್ತು ಅವನಿಗೆ ನೆರವಾಗಲು ಬಂದ ತಜ್ಞ ಗಂಟೆಗಟ್ಟಲೆ ನಿಂತು, ಹಿಂದೆ ತಾವು ಕಂಡ, ಕೇಳಿದ ಇಂಥದೇ ಪ್ರಸಂಗಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ ರೋಗ ಪತ್ತೆಮಾಡಿದ್ದನ್ನು ಓರ್ ವಿವರಿಸುತ್ತಾರೆ. ಊಟದ ಹೊತ್ತಿನಲ್ಲಿ ಒಟ್ಟು ಸೇರಿ ಇವರು ಆಡುತ್ತಿದ್ದ ಮಾತು ಕಂಪನಿಯ ಕಣ್ಣಿಗೆ ಹರಟೆ, ಅಂದರೆ ಕಡಿತಗೊಳಿಸಬೇಕಾದ ಸಮಯ. ಅಸಲಿಗೆ ಕಂಪನಿಯ ದುರಸ್ತಿ ಸಾಮರ್ಥ್ಯ ಬೆಳೆಯುತ್ತಿದ್ದದ್ದೇ ಆ ಹರಟೆಯಲ್ಲಿ.

ಜೆರಾಕ್ಸ್ ಇದನ್ನು ಅರ್ಥಮಾಡಿಕೊಂಡಿತು ಎಂಬುದು ಮೆಚ್ಚಬೇಕಾದ ಮಾತು. ದುರಸ್ತಿಗಾರರು ತಮ್ಮ ಉಪಾಯಗಳನ್ನು ತಾವೇ ಬರೆದು, ಸಹೋದ್ಯೋಗಿಗಳೇ ಪರೀಕ್ಷಿಸಿ ಒಪ್ಪುವ ‘ಯುರೇಕಾ’ ಎಂಬ ವ್ಯವಸ್ಥೆಯನ್ನು ಕಟ್ಟಿತು. ಬರೆದವರ ಹೆಸರು ಅದರ ಜೊತೆಗೇ ಇರುತ್ತಿತ್ತು. ಬರವಣಿಗೆಯ ಮೇಲೆ ನನಗೆ ಕೋಪವಿಲ್ಲ. ಕೆಲಸ ಮಾಡುವವರು ಕೆಲಸ ಮಾಡುವವರಿಗಾಗಿ ಬರೆದದ್ದು ಉಪಯೋಗಕ್ಕೆ ಬರುತ್ತದೆ. ಯೋಜನೆ ಮುಗಿದ ಮೇಲೆ ‘ಕಲಿತ ಪಾಠಗಳು’ ಎಂಬ ಹೆಸರಿನಲ್ಲಿ ತುಂಬಿಸಿ, ಮುಂದಿನ ಯೋಜನೆಯವರು ತೆರೆದೂ ನೋಡದ ನಮೂನೆಗಳಿವೆಯಲ್ಲ, ಪುಸ್ತಕದ ಬದನೆಕಾಯಿ ಎಂದರೆ ಅವು. ತರಬೇತಿಯ ಗಂಟೆಗಳನ್ನು ಎಣಿಸಿ ಕಲಿಕೆ ಅಳೆಯುವುದೂ ಇದೇ ಜಾತಿಗೆ ಸೇರಿದ್ದು.

ಹಗ್ಗ ಒಂದೇ, ಕಾರ್ಖಾನೆ ಎರಡು

ಸಾಮರ್ಥ್ಯ ರೂಢಿಯಲ್ಲಿ ಬೇರೂರಿರುವುದರಿಂದ ಅದನ್ನು ನೋಡಿ ನಕಲು ಮಾಡುವುದೂ ಸುಲಭವಲ್ಲ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರು ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಜಗಳ, ಕಳಪೆ ಕಾರುಗಳು ಇವುಗಳಿಗೆ ಹೆಸರಾಗಿದ್ದ ಅದನ್ನು 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಜೊತೆಗಿನ ಪಾಲುದಾರಿಕೆಯಲ್ಲಿ ‘ನುಮ್ಮಿ’ ಎಂಬ ಹೆಸರಿನಿಂದ ಅದೇ ಕಾರ್ಖಾನೆ ಮತ್ತೆ ತೆರೆಯಿತು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ, ಕಾರ್ಮಿಕ ಸಂಘವೂ ಅದೇ. ಬದಲಾಗಿದ್ದು ಕೆಲಸದ ರೀತಿ. ನೂರಾರು ಮಂದಿ ತಂಡದ ನಾಯಕರನ್ನು ಜಪಾನಿಗೆ ಕಳುಹಿಸಿ, ಅಲ್ಲಿನ ಕಾರ್ಖಾನೆಯಲ್ಲಿ ಟೊಯೋಟಾ ಕಾರ್ಮಿಕರ ಪಕ್ಕದಲ್ಲೇ ನಿಲ್ಲಿಸಿ ಕೆಲಸ ಮಾಡಿಸಿದರು. ಸ್ವಲ್ಪ ಸಮಯದಲ್ಲೇ ಅದೇ ಕೈಗಳಿಂದ ಹೊರಬಂದ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಯ ಸನಿಹಕ್ಕೆ ಬಂತು.

ಅಲ್ಲಿನ ಒಂದು ರೂಢಿಯನ್ನು ಹತ್ತಿರದಿಂದ ನೋಡಬೇಕು. ಜೋಡಣೆಯ ಸಾಲಿನುದ್ದಕ್ಕೂ ತಲೆಯ ಮೇಲೊಂದು ಹಗ್ಗ. ಬೋಲ್ಟು ಸರಿಯಾಗಿ ಕೂರಲಿಲ್ಲ, ಬಾಗಿಲಿನ ಅಂಚು ಹೊಂದಲಿಲ್ಲ ಎಂದರೆ ಕಾರ್ಮಿಕ ಹಗ್ಗ ಎಳೆಯುತ್ತಾನೆ. ಸಂಗೀತ ಮೊಳಗುತ್ತದೆ, ಫಲಕದಲ್ಲಿ ಅವನ ಜಾಗದ ದೀಪ ಹೊತ್ತುತ್ತದೆ. ತಂಡದ ನಾಯಕ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಕಾರು ಆ ಜಾಗ ದಾಟುವಷ್ಟರಲ್ಲಿ ಇಬ್ಬರೂ ಸೇರಿ ಸರಿಮಾಡಿದರೆ ಹಗ್ಗವನ್ನು ಮತ್ತೊಮ್ಮೆ ಎಳೆಯುತ್ತಾರೆ, ಸಾಲು ಓಡುತ್ತಲೇ ಇರುತ್ತದೆ. ಆಗದಿದ್ದರೆ ಸಾಲು ನಿಲ್ಲುತ್ತದೆ. ಹಳೆಯ ಕಾರ್ಖಾನೆಯಲ್ಲಿ ಸಾಲನ್ನು ನಿಲ್ಲಿಸುವುದು ಮಹಾಪರಾಧ. ತಪ್ಪು ಕಂಡರೂ ಕಾರು ಮುಂದೆ ಹೋಗುತ್ತಿತ್ತು, ಕೊನೆಯಲ್ಲಿ ಇನ್ನಾರೋ ರಿಪೇರಿ ಮಾಡುತ್ತಿದ್ದರು. ತಪ್ಪು ಹುಟ್ಟಿದ ಜಾಗದಲ್ಲಿ ನಿಂತವನಿಗೆ ಅದರಿಂದ ಕಲಿಯುವ ಅವಕಾಶವೇ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಪ್ರತಿ ಎಳೆತವೂ ಒಂದು ಸಣ್ಣ ಪಾಠ. ತಪ್ಪು ಯಾಕಾಯಿತು ಎಂದು ಕೇಳಿ, ಉತ್ತರ ಸಿಕ್ಕರೆ ಕೆಲಸದ ಕ್ರಮವನ್ನೇ ತಿದ್ದಿ ಬರೆಯುತ್ತಿದ್ದರು. ಕಲಿಕೆ ಸಾಮರ್ಥ್ಯವಾಗಿ ಹೆಪ್ಪುಗಟ್ಟುವ ಗಳಿಗೆ ಅದು.

ಜನರಲ್ ಮೋಟರ್ಸ್‌ನ ವ್ಯವಸ್ಥಾಪಕರು ತಂಡತಂಡವಾಗಿ ಬಂದು ಇದನ್ನೆಲ್ಲ ನೋಡಿದರು. ಟೊಯೋಟಾ ಏನನ್ನೂ ಮುಚ್ಚಿಡಲಿಲ್ಲ. ಆದರೂ ಕಂಪನಿಯ ಇತರ ಕಾರ್ಖಾನೆಗಳಿಗೆ ಇದು ಹರಡಲು ವರ್ಷಗಳು, ದಶಕಗಳೇ ಹಿಡಿದವು. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿ ರಕ್ಷಣೆ ಕೋರಿತು, 2010ರಲ್ಲಿ ನುಮ್ಮಿ ಮುಚ್ಚಿತು. ಹಗ್ಗ ಕಟ್ಟುವುದು ಒಂದು ದಿನದ ಕೆಲಸ. ಎಳೆದವನಿಗೆ ಬೈಗುಳ ಕಾದಿರುವ ಕಡೆ ಹಗ್ಗ ಸುಮ್ಮನೆ ತೂಗಾಡುತ್ತದೆ. ಹಗ್ಗ ಎಳೆದಾಗ ಓಡಿಬರುವ ನಾಯಕ, ಅವನ ಹಿಂದೆ ಸಮಸ್ಯೆ ಬಗೆಹರಿಸುವ ಎಂಜಿನಿಯರ್, ಅವನ ಮಾತು ಕೇಳುವ ಬಿಡಿಭಾಗ ಪೂರೈಕೆದಾರ, ನಿಂತ ನಿಮಿಷಗಳಿಗಾಗಿ ಯಾರನ್ನೂ ಶಿಕ್ಷಿಸದ ಮೇಲಧಿಕಾರಿ, ಇಷ್ಟೂ ಸೇರಿದರೆ ಅದು ಸಾಮರ್ಥ್ಯ. ನೋಡಲು ಬಂದವರಿಗೆ ಕಂಡದ್ದು ಹಗ್ಗ ಮಾತ್ರ.

ಬೈಗುಳದ ಮಾತು ಬಂದದ್ದರಿಂದ ಒಂದು ಅಡ್ಡಮಾತು. 1990ರ ದಶಕದ ಆರಂಭದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ನಿರೀಕ್ಷಿಸಿದ್ದರೆ, ಅಂಕಿಗಳು ತಿರುಗುಮುರುಗಾಗಿದ್ದವು: ಹೊಂದಿಕೆಯಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಕಾರಣ ಸರಳ. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ‘ನಮ್ಮಲ್ಲಿ ಈ ವರ್ಷ ಒಂದೂ ದೋಷವಿಲ್ಲ’ ಎಂಬ ವಿಭಾಗವನ್ನು ಸನ್ಮಾನಿಸುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಕಲಿಕೆಯಿಂದ ಸಾಮರ್ಥ್ಯ ಬರುತ್ತದೆ ಎಂಬುದು ಅರ್ಧ ಕಥೆ. ಸಾಮರ್ಥ್ಯವಿದ್ದರೆ ಮಾತ್ರ ಹೊಸ ಕಲಿಕೆ ಸಾಧ್ಯ ಎಂಬುದು ಇನ್ನರ್ಧ. ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂತಾಲ್ 1990ರಲ್ಲಿ ಇದನ್ನು ‘ಹೀರಿಕೊಳ್ಳುವ ಸಾಮರ್ಥ್ಯ’ ಎಂದು ಕರೆದರು. ಕಂಪನಿಯ ಸಂಶೋಧನಾ ವಿಭಾಗದ ಕೆಲಸ ಹೊಸದನ್ನು ಕಂಡುಹಿಡಿಯುವುದಷ್ಟೇ ಅಲ್ಲ. ಬೇರೆಯವರು ಕಂಡುಹಿಡಿದದ್ದರ ಬೆಲೆ ಗುರುತಿಸಿ, ಅದನ್ನು ಅರಗಿಸಿಕೊಳ್ಳಲು ಬೇಕಾದ ತಿಳಿವಳಿಕೆಯನ್ನು ಮನೆಯಲ್ಲೇ ಇಟ್ಟುಕೊಂಡಿರುವುದೂ ಹೌದು. ಸಂಗೀತದ ಗಂಧವಿಲ್ಲದವನಿಗೆ ಎಂಥ ಕಛೇರಿಯಾದರೂ ಒಂದೇ. ದುಬಾರಿ ತಂತ್ರಾಂಶ ಕೊಂಡು ಅದರಲ್ಲಿ ಹಳೆಯ ಪಟ್ಟಿಗಳನ್ನೇ ತುಂಬಿಸಿಡುವ ಕಚೇರಿಗಳು ಈ ಮಾತಿಗೆ ಸಾಕ್ಷಿ.

ಉಗುಳುತ್ತಾ ಉಗುಳುತ್ತಾ ರೋಗ

ಗಾದೆಯ ಎರಡನೇ ಅರ್ಧವನ್ನು ನಿರ್ವಹಣಾ ಗುರುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅಭ್ಯಾಸ ರಾಗವನ್ನೂ ಕೊಡುತ್ತದೆ, ರೋಗವನ್ನೂ ಕೊಡುತ್ತದೆ. ಒಂದು ಕೆಲಸದಲ್ಲಿ ಕೈ ಪಳಗಿದಷ್ಟೂ ಆ ಕೆಲಸವನ್ನೇ ಮತ್ತೆ ಮಾಡುವ ಮನಸ್ಸಾಗುತ್ತದೆ. ಹೊಸದನ್ನು ಹಿಡಿದರೆ ಮೊದಲು ತಡವರಿಕೆ, ನಷ್ಟ, ನಗೆಪಾಟಲು. ಹಳೆಯದರಲ್ಲಿ ಲಾಭ ಖಚಿತ. ಹೀಗಾಗಿ ಚೆನ್ನಾಗಿ ಕಲಿತ ಸಂಸ್ಥೆಯೇ ಬೇರೆಯದನ್ನು ಕಲಿಯಲಾರದ ಸಂಸ್ಥೆಯಾಗುತ್ತದೆ. ಇರುವುದನ್ನು ಬಳಸಿ ತಿಕ್ಕುವುದಕ್ಕೂ ಇಲ್ಲದ್ದನ್ನು ಹುಡುಕಿ ಹೋಗುವುದಕ್ಕೂ ನಡುವಿನ ಈ ಎಳೆದಾಟವನ್ನು ಸಂಸ್ಥೆಗಳ ಅಧ್ಯಯನಕಾರ ಜೇಮ್ಸ್ ಮಾರ್ಚ್ 1991ರಲ್ಲಿ ವಿವರಿಸಿದರು. ಮರುವರ್ಷ ಡೊರೊತಿ ಲಿಯೊನಾರ್ಡ್-ಬಾರ್ಟನ್, ಕಂಪನಿಯ ಮೂಲ ಸಾಮರ್ಥ್ಯಗಳೇ ಅದರ ಮೂಲ ಜಡತೆಗಳೂ ಆಗುತ್ತವೆ ಎಂದರು.

ನಿರ್ವಹಣಾ ಚಿಂತಕ ಕ್ರಿಸ್ ಆರ್ಗಿರಿಸ್ ಕೊಟ್ಟ ಹೋಲಿಕೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಕೋಣೆಯ ತಾಪವನ್ನು 20 ಡಿಗ್ರಿಗೆ ಹಿಡಿದಿಡುವ ಸಾಧನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ: ಇಳಿದರೆ ಬಿಸಿ ಮಾಡುತ್ತದೆ, ಏರಿದರೆ ನಿಲ್ಲಿಸುತ್ತದೆ. ಅದೂ ಒಂದು ಬಗೆಯ ಕಲಿಕೆಯೇ. ಆದರೆ 20 ಡಿಗ್ರಿ ಯಾಕೆ, ಈ ಕೋಣೆಯಲ್ಲಿ ಈಗ ಯಾರಾದರೂ ಇದ್ದಾರೆಯೇ ಎಂದು ಅದು ಕೇಳುವುದಿಲ್ಲ. ಬಹುತೇಕ ಸಂಸ್ಥೆಗಳು ಮೊದಲನೆಯ ಬಗೆಯಲ್ಲಿ ನಿಪುಣ. ಗುರಿಯನ್ನೇ ಪ್ರಶ್ನಿಸುವ ಎರಡನೆಯ ಬಗೆಗೆ ಬಂದಾಗ ಸಭೆಯಲ್ಲಿ ಮೌನ ಆವರಿಸುತ್ತದೆ.

ಫೋಟೊ ಫಿಲ್ಮ್ ಕಂಪನಿ ಕೊಡಾಕ್‌ನ ಕಥೆಯನ್ನು ಸಾಮಾನ್ಯವಾಗಿ, ಡಿಜಿಟಲ್ ಕ್ಯಾಮೆರಾ ಬರುವುದನ್ನು ಕಾಣದೆ ಮುಳುಗಿದ ಮೂರ್ಖತನದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು, ಸುಮಾರು 3.6 ಕಿಲೊ ತೂಕ, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು. ಮುಂದೆ 2005ರ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದೂ ಕೊಡಾಕೇ. ಅವರಿಗೆ ತಿಳಿದಿರಲಿಲ್ಲ ಎನ್ನುವುದು ಸುಳ್ಳು. ಆದರೆ ಕಂಪನಿಯ ರೂಢಿಗಳೆಲ್ಲ ಫಿಲ್ಮ್ ಸುರುಳಿ ಮಾರಿ, ಅದನ್ನು ತೊಳೆಯುವ ರಾಸಾಯನಿಕ ಮಾರಿ, ಕಾಗದ ಮಾರಿ, ಪ್ರತಿ ಚಿತ್ರದಲ್ಲೂ ಲಾಭ ಕಾಣುವಂತೆ ಬೆಳೆದಿದ್ದವು. ಕ್ಯಾಮೆರಾ ಮಾರಿ ಅಷ್ಟಕ್ಕೇ ಸುಮ್ಮನಾಗುವ ವ್ಯವಹಾರ ಅದರ ಮೈಗೆ ಒಗ್ಗಲಿಲ್ಲ. 2012ರ ಜನವರಿಯಲ್ಲಿ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಜಪಾನಿನ ಫಿಲ್ಮ್ ಕಂಪನಿ ಫ್ಯೂಜಿಫಿಲ್ಮ್ ಮುಂದೆಯೂ ಅದೇ ಗೋಡೆ ಬಂದಿತ್ತು. 2000ದ ಸುಮಾರಿಗೆ ತುತ್ತತುದಿ ಮುಟ್ಟಿದ ಫಿಲ್ಮ್ ಮಾರಾಟ ಆಮೇಲೆ ಪಾತಾಳಕ್ಕಿಳಿಯಿತು. ಅವರು ಕೇಳಿಕೊಂಡ ಪ್ರಶ್ನೆ ಬೇರೆ: ಫಿಲ್ಮ್ ಮಾಡುತ್ತಾ ಮಾಡುತ್ತಾ ನಮಗೆ ಏನೇನು ಬಂದಿದೆ? ಬಣ್ಣದ ಫಿಲ್ಮ್ ಎಂದರೆ ಕೂದಲೆಳೆಗಿಂತ ತೆಳುವಾದ ಹತ್ತಾರು ಪದರಗಳನ್ನು ಒಂದರ ಮೇಲೊಂದು ಹಚ್ಚುವ ಕೆಲಸ. ಅದರ ಮುಖ್ಯ ವಸ್ತುಗಳಲ್ಲಿ ಒಂದು ಜೆಲಟಿನ್, ಅದು ಬರುವುದು ಕೊಲಾಜೆನ್‌ ಎಂಬ ಪ್ರೋಟೀನಿನಿಂದ. ನಮ್ಮ ಚರ್ಮದಲ್ಲಿರುವುದೂ ಕೊಲಾಜೆನ್. ಚಿತ್ರದ ಬಣ್ಣ ಮಾಸುವುದಕ್ಕೂ ಚರ್ಮ ಸೊರಗುವುದಕ್ಕೂ ಆಕ್ಸಿಡೀಕರಣ ಕಾರಣ, ಅದನ್ನು ತಡೆಯುವ ವಿದ್ಯೆಯಲ್ಲಿ ಅವರು ದಶಕಗಳ ಕಾಲ ಪಳಗಿದ್ದರು. 2007ರಲ್ಲಿ ಚರ್ಮದ ಆರೈಕೆಯ ‘ಅಸ್ಟಾಲಿಫ್ಟ್’ ಉತ್ಪನ್ನಗಳು ಮಾರುಕಟ್ಟೆಗೆ ಬಂದವು. ಎಲ್‌ಸಿಡಿ ಪರದೆಗಳಿಗೆ ಬೇಕಾದ ತೆಳುಪೊರೆಯಲ್ಲಿ ಅವರು ಜಗತ್ತಿನ ಪ್ರಮುಖ ತಯಾರಕರಾದರು. ಫಿಲ್ಮ್ ಹೋಯಿತು, ಫಿಲ್ಮ್ ಕಲಿಸಿದ ಕಸುಬು ಉಳಿಯಿತು. ಕೊಡಾಕ್ ತನ್ನ ರಾಸಾಯನಿಕ ಶಾಖೆಯನ್ನು 1994ರಲ್ಲೇ ಬೇರೆ ಕಂಪನಿಯಾಗಿ ಕಳಚಿಕೊಟ್ಟಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಎಲ್ಲವನ್ನೂ ಅದೊಂದೇ ನಿರ್ಣಯದ ತಲೆಗೆ ಕಟ್ಟುವುದು ಸರಿಯಲ್ಲವಾದರೂ, ನಮ್ಮ ಸಾಮರ್ಥ್ಯ ಯಾವುದು ಎಂಬ ಪ್ರಶ್ನೆಗೆ ಎರಡು ಕಂಪನಿಗಳು ಎರಡು ಉತ್ತರ ಕೊಟ್ಟವು ಎಂಬುದಂತೂ ನಿಜ.

ಇಂಥ ಮರುಜೋಡಣೆಯ ಶಕ್ತಿಯನ್ನು ಡೇವಿಡ್ ಟೀಸ್ ಮತ್ತು ಸಂಗಡಿಗರು 1997ರಲ್ಲಿ ‘ಚಲನಶೀಲ ಸಾಮರ್ಥ್ಯ’ ಎಂದು ಹೆಸರಿಸಿದರು. ಸಾಮಾನ್ಯ ಸಾಮರ್ಥ್ಯ ಇಂದಿನ ಕೆಲಸ ಮಾಡಿಕೊಡುತ್ತದೆ, ಇದು ಆ ಸಾಮರ್ಥ್ಯವನ್ನೇ ಬದಲಿಸುತ್ತದೆ. ಹೆಸರು ಜನಪ್ರಿಯವಾಯಿತು. ಆದರೆ ಕಂಪನಿ ಬದುಕುಳಿದ ಮೇಲೆ ‘ಅದಕ್ಕೆ ಚಲನಶೀಲ ಸಾಮರ್ಥ್ಯವಿತ್ತು’ ಎಂದೂ, ಮುಳುಗಿದ ಮೇಲೆ ‘ಇರಲಿಲ್ಲ’ ಎಂದೂ ಹೇಳುವ ಚಟವೂ ಜೊತೆಗೇ ಬೆಳೆಯಿತು. ಮುಂಚಿತವಾಗಿ ಗುರುತಿಸಬೇಕೆಂದರೆ ಸಣ್ಣ ಸಣ್ಣ ಗುರುತುಗಳನ್ನೇ ನೋಡಬೇಕು: ಕಳೆದ ಬಾರಿಯ ತಪ್ಪಿನಿಂದಾಗಿ ಕೆಲಸದ ಯಾವ ಹಂತ ಬದಲಾಗಿದೆ, ಆ ಬದಲಾವಣೆಯನ್ನು ಸೂಚಿಸಿದವರು ಎಷ್ಟು ಕೆಳಗಿನವರು, ಹೊಸಬರು ಯಾರ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಾರೆ.

ಅಪರೂಪಕ್ಕೆ ಮಾತ್ರ ಬೇಕಾಗುವ ಸಾಮರ್ಥ್ಯವನ್ನು ಕಾಪಾಡುವುದು ಇನ್ನೂ ಕಷ್ಟ. ಫಾಗ್‌ಬ್ಯಾಂಕ್ ಮಾಡುವವರು ಎಡವಿದ್ದು ಅಲ್ಲೇ. ಜಪಾನಿನ ಇಸೆ ಎಂಬಲ್ಲಿನ ದೇಗುಲದವರು ಇದಕ್ಕೆ ಕಂಡುಕೊಂಡ ಉಪಾಯ ದುಬಾರಿಯಾದರೂ ನೇರವಾದದ್ದು. ಸುಮಾರು 1,300 ವರ್ಷಗಳಿಂದ, ಅಂತರ್ಯುದ್ಧದ ಕಾಲದ ಒಂದು ದೀರ್ಘ ಬಿಡುವನ್ನು ಬಿಟ್ಟರೆ, 20 ವರ್ಷಕ್ಕೊಮ್ಮೆ ಮರದ ಗುಡಿಯನ್ನು ಹೊಸದಾಗಿ ಕಟ್ಟುತ್ತಾರೆ. ಇಪ್ಪತ್ತರ ಹರೆಯದಲ್ಲಿ ಸಹಾಯಕನಾಗಿ ಬಂದ ಬಡಗಿ ನಲವತ್ತರಲ್ಲಿ ಕೆಲಸದ ಹೊಣೆ ಹೊರಬಲ್ಲ, ಅರವತ್ತರಲ್ಲಿ ಕಲಿಸಬಲ್ಲ. 62ನೆಯ ಸಲ ಕಟ್ಟಿದ್ದು 2013ರಲ್ಲಿ. ಗುಡಿಯ ಪಕ್ಕದಲ್ಲಿ ಅಷ್ಟೇ ಅಳತೆಯ ಖಾಲಿ ಜಾಗವೊಂದಿದೆ. ಬಿಳಿ ಕಲ್ಲುಗಳನ್ನು ಹಾಸಿದ ಆ ಜಾಗದ ಸರದಿ 2033ಕ್ಕೆ.